ಕಾಲುವೆ ಒಣಗುವ ಹೊತ್ತಿಗೆ ಎಂಜಿನಿಯರ್ ಇರಬೇಕು

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ರಾಯಚೂರಿನ ಕಡೆಗೆ 227 ಕಿ.ಮೀ. ಹರಿಯುತ್ತದೆ. ಎರಡನೇ ಬೆಳೆಗೆ ನೀರು ಕೊಟ್ಟ ವರ್ಷ ಹರಿವು ನಿಲ್ಲುವುದು ಮಾರ್ಚ್ ಕೊನೆಗೆ, ಇಲ್ಲವೇ ಇನ್ನೂ ತಡವಾಗಿ. ಮಳೆಗಾಲ ಹಿಡಿದು ಜಲಾಶಯ ತುಂಬಿದರೆ ಮತ್ತೆ ನೀರು. ನಡುವೆ ಸಿಗುವ ಎರಡು ಮೂರು ತಿಂಗಳಲ್ಲೇ ಹೂಳು ತೆಗೆಯಬೇಕು, ಒಳಗೋಡೆಗೆ ಕಾಂಕ್ರೀಟ್ ಹೊದಿಕೆ (ಲೈನಿಂಗ್) ಹಾಕಬೇಕು, ತೂಬು ಸರಿಮಾಡಬೇಕು. ನಮ್ಮ ಕಡೆ ಇದಕ್ಕೆ ಕ್ಲೋಷರ್ ಕೆಲಸ ಎನ್ನುತ್ತಾರೆ.

ಸರ್ಕಾರಿ ಎಂಜಿನಿಯರ್‌ಗಳಿಗೆ ಕಾಮಗಾರಿ ನಿರ್ವಹಣೆ ಕಲಿಸುವುದು ನನ್ನ ವೃತ್ತಿ. ಹೊಸಬರಿಗೆ ನಾನು ಮೊದಲು ಕೊಡುವ ಲೆಕ್ಕ ಈ ಕ್ಲೋಷರ್‌ನದೇ. ಕೊನೆಯಿಂದ ಹಿಂದಕ್ಕೆ ಎಣಿಸಿ ಅಂತ ಹೇಳುತ್ತೇನೆ. ಏಪ್ರಿಲ್ ಮೊದಲ ವಾರ ಯಂತ್ರಗಳು ಕಾಲುವೆಗೆ ಇಳಿಯಬೇಕಾದರೆ ಕಾರ್ಯಾದೇಶ ಜನವರಿಗೆ ಕೈಯಲ್ಲಿರಬೇಕು. ಅದಕ್ಕೆ ಟೆಂಡರ್ ದೀಪಾವಳಿ ಹೊತ್ತಿಗೆ ಹೊರಡಬೇಕು. ಅದಕ್ಕೂ ಮುಂಚೆ ತಾಂತ್ರಿಕ ಮಂಜೂರಾತಿ, ಅದಕ್ಕೂ ಮುಂಚೆ ಅಂದಾಜುಪಟ್ಟಿ. ಅಂದಾಜು ಬರೆಯುವ ಆಗಸ್ಟ್ ತಿಂಗಳಲ್ಲಿ ಕಾಲುವೆ ತುಂಬಿ ಹರಿಯುತ್ತಿರುತ್ತದೆ. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಎಷ್ಟು ಹೂಳಿದೆ ಅಂತ ನೋಡುವುದು ಹೇಗೆ? ನೋಡಿದ್ದರೆ ಹಿಂದಿನ ಕ್ಲೋಷರ್‌ನಲ್ಲೇ ನೋಡಿರಬೇಕು. ಅಂದರೆ ಬರುವ ವರ್ಷದ ಕೆಲಸ ಶುರುವಾಗುವುದು ಈ ವರ್ಷ ಕಾಲುವೆ ಒಣಗಿದಾಗ, ಅಲ್ವಾ?

ಇಲ್ಲೇ ತೊಡಕು ಬರುತ್ತದೆ. ಸಾರ್ವತ್ರಿಕ ವರ್ಗಾವಣೆಯ ಕಾಲವೂ ಮೇ–ಜೂನ್. ತಳಕ್ಕಿಳಿದು ಅಳತೆಯ ಸರಪಳಿ ಹಿಡಿದು ನೋಡಿದ ಕಿರಿಯ ಎಂಜಿನಿಯರ್ (ಜೆಇ) ಅದೇ ಹೊತ್ತಿಗೆ ಬೇರೆ ಊರಿಗೆ ಹೋಗುತ್ತಾರೆ. ಅವರು ಕಂಡದ್ದು ಅವರ ಡೈರಿಯಲ್ಲಿ ಇರುತ್ತದೆ, ಇಲ್ಲವೇ ತಲೆಯಲ್ಲಿ ಇರುತ್ತದೆ. ಬಂದವರು ಹಳೆಯ ಅಂದಾಜುಪಟ್ಟಿ ತೆಗೆದು ದರ ಮಾತ್ರ ಬದಲಿಸುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಗುತ್ತಿಗೆದಾರ ಕಾಲುವೆಗೆ ಇಳಿದಾಗ ಅಂದಾಜಿನಲ್ಲಿ ಇಲ್ಲದ್ದೇ ಜಾಸ್ತಿ ಕಾಣುತ್ತದೆ. ಹೆಚ್ಚುವರಿ ಐಟಂ, ಮತ್ತೆ ಮಂಜೂರಾತಿ, ಅಷ್ಟರಲ್ಲಿ ನೀರು ಬಿಡುವ ದಿನ ಬಂದೇಬಿಡುತ್ತದೆ. ಮಾನ್ವಿ, ಸಿರವಾರದ ಕೊನೆ ಭಾಗದ ರೈತರು ಮತ್ತೊಂದು ವರ್ಷ ಕಾಯುತ್ತಾರೆ.

ಹೀಗಾದಾಗಲೆಲ್ಲ ಎಂಜಿನಿಯರ್‌ಗಳಿಗೆ ತರಬೇತಿ ಸಾಲದು ಎಂಬ ಮಾತು ಬರುತ್ತದೆ. ತರಬೇತಿ ಕೊಡುವ ಜಾಗಗಳು ನಮ್ಮಲ್ಲಿ ಇವೆ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆ, ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ (ವಾಲ್ಮಿ) ಇದೆ, ಪಕ್ಕದ ಹೈದರಾಬಾದ್‌ನಲ್ಲಿ ಎಂಜಿನಿಯರಿಂಗ್ ಸ್ಟಾಫ್ ಕಾಲೇಜ್ ಇದೆ. ಮೊಬೈಲಿನಲ್ಲಿ ಸರ್ಕಾರಿ ನೌಕರರಿಗೆಂದೇ ಇರುವ ಐಗಾಟ್ ಕರ್ಮಯೋಗಿ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಿವೆ. ಪಾಠಗಳೂ ಚೆನ್ನಾಗಿವೆ. ಆದರೆ ಮೂರು ದಿನ ಹೋಗಿ ಬಂದವರು ತಮ್ಮ ಟೇಬಲ್ ಮೇಲಿನ ಫೈಲಿಗೆ ಆ ಪಾಠವನ್ನು ಹಚ್ಚುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕೌಶಲ ಒಬ್ಬ ನೌಕರನದಲ್ಲ, ಕಚೇರಿಯದು ಎಂದು ನಾನು ನಂಬಿದ್ದೇನೆ. ನೌಕರ ಹೋದ ಮೇಲೂ ಉಳಿಯುವಂತೆ ಅದನ್ನು ಕಟ್ಟಬೇಕು.

ಇದು ಎಷ್ಟು ಗಂಭೀರ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ನಾವೆಲ್ಲ ನೋಡಿದೆವು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ, ಗೇಟಿನ ಬದಲು ನೀರು ತಡೆಯುವ ಉಕ್ಕಿನ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್ ಇಳಿಸಬೇಕಿತ್ತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಸುತ್ತಲಿನ ಕಾರ್ಖಾನೆಗಳಲ್ಲಿ ಹಲಗೆಗಳು ತಯಾರಾದವು. ಒಂದು ವಾರದಲ್ಲಿ ನೀರು ನಿಂತಿತು. ಆ ಹಿರಿಯರಿಗೂ, ಜೀವ ಪಣಕ್ಕಿಟ್ಟು ದುಡಿದ ಕಾರ್ಮಿಕರಿಗೂ ಈ ನಾಡು ಋಣಿ. ಆದರೆ ಲಕ್ಷಾಂತರ ಎಕರೆಗೆ ನೀರುಣಿಸುವ ಜಲಾಶಯದ ಕಷ್ಟಕಾಲದಲ್ಲಿ ನಾವು ಹುಡುಕಿದ್ದು ಒಬ್ಬ ನಿವೃತ್ತರ ಅನುಭವವನ್ನು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಅಂಥ ಒಬ್ಬರ ಜೊತೆ ಹತ್ತು ಜನ ಯುವ ಎಂಜಿನಿಯರ್‌ಗಳನ್ನು ವರ್ಷಗಟ್ಟಲೆ ಓಡಾಡಿಸಿದ್ದರೆ ಆ ವಿದ್ಯೆ ಇಲಾಖೆಯಲ್ಲೇ ಇರುತ್ತಿತ್ತು. ಹೊಸ ಹೋರಿಯನ್ನು ನೊಗಕ್ಕೆ ಹೂಡುವಾಗ ನಮ್ಮ ರೈತರು ಪಕ್ಕದಲ್ಲಿ ಪಳಗಿದ ಎತ್ತನ್ನೇ ಕಟ್ಟುತ್ತಾರೆ.

ಹೊರಗಿನ ಸಾಲದ ಯೋಜನೆಗಳಲ್ಲೂ ಇದೇ ಕೊರತೆ. ಏಷ್ಯಾ ಅಭಿವೃದ್ಧಿ ಬ್ಯಾಂಕ್ ನೆರವಿನ ಉತ್ತರ ಕರ್ನಾಟಕ ನಗರ ಯೋಜನೆ 2006ರಲ್ಲಿ ಮಂಜೂರಾಯಿತು. ನಮ್ಮ ಭಾಗದ ಊರುಗಳೂ ಅದರಲ್ಲಿದ್ದವು. ಇಂಥ ಯೋಜನೆಗಳಿಗೆ ಪ್ರತ್ಯೇಕ ಘಟಕ, ಸಲಹೆಗಾರರು, ತಿಂಗಳ ವರದಿ, ಗುಣಮಟ್ಟದ ಪಟ್ಟಿ ಎಲ್ಲ ಇರುತ್ತವೆ. ಯೋಜನೆ ಮುಗಿದರೆ ಘಟಕ ಮುಚ್ಚುತ್ತದೆ, ಸಲಹೆಗಾರರು ಹೊರಡುತ್ತಾರೆ. ನೀರಿನ ಟ್ಯಾಂಕು, ಪೈಪು ನಗರಸಭೆಗೆ ಬರುತ್ತದೆ. ಅದನ್ನು ಕಟ್ಟಿಸುವ ಬುದ್ಧಿ ಬರುವುದಿಲ್ಲ. ಸಲಹೆಗಾರರ ಒಪ್ಪಂದದಲ್ಲೇ ಒಂದು ಷರತ್ತು ಹಾಕಬಹುದು. ಪ್ರತಿ ತಜ್ಞನ ಜೊತೆ ನಗರಸಭೆಯ ಒಬ್ಬ ಎಂಜಿನಿಯರ್ ಇರಬೇಕು, ಕೊನೆಯ ಆರು ತಿಂಗಳು ಆ ಎಂಜಿನಿಯರೇ ಕೆಲಸ ನಡೆಸಬೇಕು, ಅದಾದ ಮೇಲೆಯೇ ಕೊನೆಯ ಬಿಲ್.

ಕಲಿಯಬೇಕಾದದ್ದು ಬರೀ ಕಾಂಕ್ರೀಟು, ಸ್ಟೀಲು ಅಲ್ಲ. ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ 1997–98ರಲ್ಲಿ ಮಂಜೂರಾಗಿ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಇಂಥ ಕೆಲಸಗಳಲ್ಲಿ ಹಳಿ ಹಾಕುವುದಕ್ಕಿಂತ ಜಾಗ ಕೈಗೆ ಬರುವುದು ತಡ. ಪಹಣಿ ಓದುವುದು, ವಿದ್ಯುತ್ ಕಂಪನಿ ಜೆಸ್ಕಾಂನ ಕಂಬ ಸರಿಸಲು ಯಾವಾಗ ಹಣ ಕಟ್ಟಬೇಕು, ಅರಣ್ಯದ ಅನುಮತಿಗೆ ಏನೇನು ಬೇಕು ಎಂಬುದನ್ನು ಎಂಜಿನಿಯರಿಂಗ್ ಕಾಲೇಜು ಹೇಳಿಕೊಡುವುದಿಲ್ಲ. ಪತ್ರ ಬರೆಯುವುದನ್ನೂ ಹೇಳಿಕೊಡುವುದಿಲ್ಲ. ‘ಅರ್ಧ ಜಾಗವನ್ನೇ ಕೊಟ್ಟಿದ್ದೀರಿ’ ಅಂತ ಗುತ್ತಿಗೆದಾರ ಪತ್ರ ಬರೆಯುತ್ತಾನೆ. ಕಚೇರಿ ಅದನ್ನು ಸುಮ್ನೆ ಫೈಲಿಗೆ ಸೇರಿಸುತ್ತದೆ. ವರ್ಷಗಳ ನಂತರ ತಕರಾರು ಮಧ್ಯಸ್ಥಿಕೆಗೆ ಹೋದಾಗ ಉತ್ತರ ಕೊಡದ ಆ ಪತ್ರವೇ ಇಲಾಖೆಗೆ ಉರುಳಾಗುತ್ತದೆ. ಜಾಗ ಕೊಡದೆ ತಡವಾಗಿದ್ದರೆ ದಂಡ ಹಾಕುವ ಮಾತು ನಿಲ್ಲುವುದೇ ಕಷ್ಟ.

ನಮ್ಮ ಭಾಗಕ್ಕೆ ಈಗ ಹಣದ ಬರ ಮೊದಲಿನಷ್ಟಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್ 5,000 ಕೋಟಿ ರೂಪಾಯಿ ಘೋಷಿಸಿತು. ಬಳ್ಳಾರಿಯಲ್ಲಿ ಗಣಿ ಬಾಧಿತ ಪ್ರದೇಶಕ್ಕೆಂದೇ ಜಿಲ್ಲಾ ಖನಿಜ ನಿಧಿ ಇದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸಿ ವೃಂದದ ಸ್ಥಳೀಯ ಹುದ್ದೆಗಳಲ್ಲಿ 80% ನಮ್ಮವರಿಗೇ ಮೀಸಲು. ಹಾಗಾಗಿ ಇಲ್ಲಿ ಸೇರಿದ ಜೆಇಗಳಲ್ಲಿ ಬಹುಪಾಲು ಜನ ಈ ಜಿಲ್ಲೆಗಳಲ್ಲೇ ಸೇವೆ ಮಾಡುವವರು. ಅವರಿಗೆ ಹಾಕಿದ ದುಡ್ಡು ಹೊರಗೆ ಹೋಗುವುದಿಲ್ಲ.

ಆದ್ದರಿಂದ ಮಂಡಳಿಯ ಮುಂದೆ ನನ್ನ ಕೋರಿಕೆ ಇಷ್ಟು. ದೊಡ್ಡ ಕಾಮಗಾರಿಯ ಅಂದಾಜಿನಲ್ಲಿ ಗುಣಮಟ್ಟ ಪರೀಕ್ಷೆಗೆ ಹಣ ಇಡುವ ಹಾಗೆ ಕಲಿಕೆಗೂ ಇಡಿ. ಆ ಹಣದಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರನ್ನು ಸೈಟಿನಲ್ಲಿ ಕಿರಿಯರ ಜೊತೆ ಇರಿಸಿ. ಅಂದಾಜು ಬರೆದ ಜೆಇಯನ್ನು ಕಾಮಗಾರಿ ಮುಗಿಯುವವರೆಗೆ ವರ್ಗಾಯಿಸಬೇಡಿ. ವರ್ಗಾಯಿಸಲೇಬೇಕಾದರೆ ಹೋಗುವವರು, ಬರುವವರು ಇಬ್ಬರೂ ಸೇರಿ ಸೈಟು ನಡೆದು, ಕಿ.ಮೀ. ಲೆಕ್ಕದಲ್ಲಿ ಟಿಪ್ಪಣಿ ಬರೆದು ಸಹಿ ಹಾಕಲಿ. ಆ ಟಿಪ್ಪಣಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಕಚೇರಿಗೆ ಬಂದ ನಂತರವೇ ಬಿಡುಗಡೆ ಪತ್ರ ಕೊಡಿ.