ಪೆಟ್ಟಿಗೆಗೆ ತೂತು ಕೊರೆದರೆ ಬಾಸ್ ಹೆಚ್ಚುತ್ತದೆಯೇ?

ಪ್ರಶ್ನೆ: ಮುಚ್ಚಿದ ಸ್ಪೀಕರ್ ಬಾಕ್ಸ್ ಒಂದನ್ನು ನಾನೇ ಮಾಡಿಕೊಂಡಿದ್ದೇನೆ. ಬಾಸ್ ಸಾಲದು. ಒಂದು ತೂತು ಕೊರೆದರೆ ಒಳಗೆ ಸಿಕ್ಕಿಕೊಂಡ ಬಾಸ್ ಹೊರಗೆ ಬರುತ್ತದೆಯೇ?

ಉತ್ತರ: ಇಲ್ಲ. ಹಿಂದೆಯೂ ಇದನ್ನೇ ಹೇಳಿದ್ದೇನೆ, ಮುಂದೆಯೂ ಹೇಳಬೇಕಾಗುತ್ತದೆ ಎಂಬುದು ಗೊತ್ತಿದೆ. ಡ್ರಿಲ್ ಅನ್ನು ಸ್ವಲ್ಪ ಕೆಳಗಿಡಿ.

ಪೆಟ್ಟಿಗೆಯೊಳಗೆ ಯಾವ ಬಾಸೂ ಬಂದಿಯಾಗಿ ಕುಳಿತಿಲ್ಲ. ಕೋನ್ (ಸ್ಪೀಕರಿನ ಅಲುಗುವ ಭಾಗ) ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಒಂದಕ್ಕೊಂದು ವಿರುದ್ಧ. ಕೆಳಸ್ವರಗಳಲ್ಲಿ ಇವೆರಡು ಕೂಡಿದರೆ ಶಬ್ದವೇ ಅಳಿಸಿಹೋಗುತ್ತದೆ. ನಂಬಿಕೆ ಬಾರದಿದ್ದರೆ ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಬರಿದಾಗಿ ನುಡಿಸಿ ನೋಡಿ. ಹಿಂಬದಿ ಪೂರ್ತಿ ತೆರೆದಿದ್ದರೂ ಬಾಸ್ ಮಾತ್ರ ನಾಪತ್ತೆ. ಪೆಟ್ಟಿಗೆ ಇರುವುದೇ ಹಿಂದಿನ ಅಲೆಯನ್ನು ತಡೆಯಲಿಕ್ಕೆ.

'ಹಾಗಾದರೆ ಅಂಗಡಿಯ ಬಾಕ್ಸ್‌ಗಳಿಗೇಕೆ ತೂತು?' ಎನ್ನುತ್ತೀರಿ. ಅದು ತೂತಲ್ಲ, ಕೊಳವೆಯ ಬಾಯಿ. ಬೆರಳು ಹಾಕಿದರೆ ಗೊತ್ತಾಗುತ್ತದೆ. ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಬರುವಂತೆ, ಕೊಳವೆಯ ಗಾಳಿಯ ತೂಕ ಮತ್ತು ಪೆಟ್ಟಿಗೆಯ ಗಾಳಿಯ ಸ್ಪ್ರಿಂಗ್ ಸೇರಿ ಒಂದು ಆವರ್ತನದಲ್ಲಿ ಅನುರಣಿಸುತ್ತವೆ. ಅದರ ಆಸುಪಾಸಿನಲ್ಲಿ ಮಾತ್ರ ಕೊಳವೆಯ ಶಬ್ದ ಕೋನ್‌ನ ಶಬ್ದಕ್ಕೆ ಜೊತೆಗೂಡುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಇದಕ್ಕೆ 1932ರಲ್ಲೇ ಪೇಟೆಂಟ್ ಪಡೆದಿದ್ದರು.

ಆ ಅನುರಣನದ ಆವರ್ತನದ ಲೆಕ್ಕ ನೋಡಿ. 20 ಲೀಟರ್ ಪೆಟ್ಟಿಗೆ, 5 ಸೆಂಟಿಮೀಟರ್ ವ್ಯಾಸದ ಕೊಳವೆ, ಉದ್ದ 12 ಸೆಂಟಿಮೀಟರ್: ಸುಮಾರು 43 ಹರ್ಟ್ಸ್. ಅದೇ ಪೆಟ್ಟಿಗೆಯ 18 ಮಿಲಿಮೀಟರ್ ಹಲಗೆಯಲ್ಲಿ ಅಷ್ಟೇ ಅಗಲದ ಬರಿಯ ತೂತು: ಸುಮಾರು 70. ಅದಕ್ಕಿಂತ ಕೆಳಗೆ ಆ ತೂತು ಬರೀ ಸೋರಿಕೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬಾಸ್ ಪ್ರತಿ ಆಕ್ಟೇವ್‌ಗೆ (ಆವರ್ತನ ಅರ್ಧಕ್ಕಿಳಿಯುವ ಪ್ರತಿ ಹಂತಕ್ಕೆ) 12 ಡೆಸಿಬೆಲ್‌ನಂತೆ ಇಳಿದರೆ ಇಲ್ಲಿ 24ರಂತೆ ಕುಸಿಯುತ್ತದೆ. ಹಿಡಿತ ತಪ್ಪಿದ ಕೋನ್ ವಿಪರೀತ ಹೊಯ್ದಾಡಿ ಅದನ್ನು ಅಲುಗಿಸುವ ತಂತಿ ಸುರುಳಿಗೂ (ವಾಯ್ಸ್ ಕಾಯಿಲ್) ಕುತ್ತು ತರಬಹುದು. 70ರ ಹತ್ತಿರ ಸದ್ದು ಉಬ್ಬುವುದರಿಂದ 'ಬಾಸ್ ಬಂತು' ಎಂದು ಮೊದಲ ದಿನ ಸಂಭ್ರಮಿಸುತ್ತೀರಿ. ಬಂದದ್ದು ಗುಂಯ್‌ಗುಡುವಿಕೆ.

ಕೊಳವೆ ಹಾಕಿಯೇ ತೀರುತ್ತೇನೆ ಎಂದರೆ ಸ್ಪೀಕರಿನ ಮಾಹಿತಿ ಪತ್ರದಲ್ಲಿ ಕ್ಯೂಟಿಎಸ್ (Qts) ನೋಡಿ; ಸ್ಪೀಕರಿನ ಸ್ವಂತ ಅನುರಣನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ ಅದು. 0.4ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊಳವೆ ಒಗ್ಗುತ್ತದೆ, 0.5 ದಾಟಿದ್ದರೆ ಮುಚ್ಚಿದ ಪೆಟ್ಟಿಗೆಯೇ ಲೇಸು. ಕೊಳವೆ ಕೂರಿಸಿದ ಮೇಲೆ ಮೊಬೈಲಿನ ಟೋನ್ ಜನರೇಟರಿನಿಂದ 100 ಹರ್ಟ್ಸ್‌ನಿಂದ ಮೆಲ್ಲಗೆ ಇಳಿಯುತ್ತಾ ಬನ್ನಿ, ಸದ್ದು ಕಡಿಮೆಯಿರಲಿ. ಒಂದು ಹಂತದಲ್ಲಿ ಕೋನ್ ನಿಂತೇಹೋದಂತೆ ಕಾಣುತ್ತದೆ, ಕೊಳವೆಯ ಬಾಯಲ್ಲಿ ಅಂಗೈಗೆ ಗಾಳಿ ಬಡಿಯುತ್ತದೆ. ಅದೇ ನಿಮ್ಮ ಪೆಟ್ಟಿಗೆಯ ಶ್ರುತಿ. ಈ ನೋಟ ಕಂಡವರು ಮತ್ತೆ 'ಬಾಸ್ ಹೊರಗೆ ಬಿಡುವ' ಮಾತಾಡುವುದಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ: ಒಳಗೆ ತುಂಬುವ ನಾರು. ಮುಚ್ಚಿದ ಪೆಟ್ಟಿಗೆಯಲ್ಲಿ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ತುಂಬಿದರೆ ಸ್ಪೀಕರಿಗೆ ಪೆಟ್ಟಿಗೆ ತುಸು ದೊಡ್ಡದಾದಂತೆ ತೋರುತ್ತದೆ. ಗಾಳಿ ಒತ್ತಿದಾಗ ಹುಟ್ಟುವ ಬಿಸಿಯನ್ನು ನಾರು ಹೀರುವುದೇ ಕಾರಣ. ತುರುಕಿದರೆ ಆ ಲಾಭವೂ ಹೋಯಿತು. ಕೊಳವೆಯ ಪೆಟ್ಟಿಗೆಯಲ್ಲಾದರೆ ಗೋಡೆಗಳಿಗೆ ಹಚ್ಚಿದರೆ ಸಾಕು, ಕೊಳವೆಯ ಒಳಬಾಯಿಯ ಸುತ್ತ ಖಾಲಿ ಬಿಡಿ.