ವಿನಾಯಿತಿ, ಸಮಾನ ಬದಲಿ: ಬಂದರು ತಪಾಸಣೆಯಲ್ಲಿ ಇವುಗಳ ಅರ್ಥ

ಮಂಡ್ಯ, ಮೈಸೂರು ಕಡೆಯಿಂದ ಮರ್ಚೆಂಟ್ ನೇವಿಗೆ ಹೋದ ಹುಡುಗರು ಮೌಖಿಕ ಪರೀಕ್ಷೆಗೆ (ಓರಲ್ಸ್) ಕೂತಾಗ ಮೂರು ಸಂಗತಿಗಳನ್ನು ಕಲಸಿಬಿಡುತ್ತಾರೆ: ನಿಯಮ ಅನ್ವಯವಾಗದಿರುವುದು, ನಿಯಮದಿಂದ ವಿನಾಯಿತಿ, ನಿಯಮಕ್ಕೆ ಸಮಾನ ಬದಲಿ. ರಂಗನತಿಟ್ಟಿನ ದೋಣಿಯನ್ನಾಗಲಿ ತಲಕಾಡಿನ ಹರಿಗೋಲನ್ನಾಗಲಿ ಕಡಲಿನಲ್ಲಿ ಜೀವರಕ್ಷಣೆಯ ಒಪ್ಪಂದವಾದ ಸೋಲಾಸ್ ಕೇಳುವುದೇ ಇಲ್ಲ. 1974ರ ಆ ಒಪ್ಪಂದ ಇರುವುದು ಅಂತರರಾಷ್ಟ್ರೀಯ ಯಾನದ ಹಡಗುಗಳಿಗೆ. ಅವುಗಳಲ್ಲೂ 500 ಗ್ರಾಸ್ ಟನ್ನಿಗಿಂತ (ಇದು ಹಡಗಿನ ಒಳಗಾತ್ರದ ಅಳತೆ) ಚಿಕ್ಕ ಸರಕು ಹಡಗು, ಯುದ್ಧನೌಕೆ, ಮೀನುಗಾರಿಕೆ ಹಡಗು ಸಾಮಾನ್ಯವಾಗಿ ಹೊರಗೆ. ಅನ್ವಯವೇ ಇಲ್ಲದ ಕಡೆ ವಿನಾಯಿತಿ ಪತ್ರದ ಮಾತೇ ಏಳದು.

ನಿಯಮ ತಾಗುವ ಹಡಗಿಗಷ್ಟೇ ವಿನಾಯಿತಿ ಬೇಕು. ಅದನ್ನು ಕೊಡುವುದು ಹಡಗಿನ ಧ್ವಜ ರಾಷ್ಟ್ರ, ಅಂದರೆ ಹಡಗು ನೋಂದಣಿಯಾದ ದೇಶ; ಬಂದರಿನ ಅಧಿಕಾರಿಯಲ್ಲ. ಭಾರತದ ಹಡಗಾದರೆ ಮುಂಬಯಿಯಲ್ಲಿರುವ ಹಡಗು ಮಹಾನಿರ್ದೇಶನಾಲಯ, ಅಂದರೆ ಡಿಜಿ ಶಿಪ್ಪಿಂಗ್. ಸೋಲಾಸ್ ಮೊದಲ ಅಧ್ಯಾಯದ 4ನೇ ನಿಯಮ ಎರಡು ಸಂದರ್ಭ ಹೇಳುತ್ತದೆ: ಕರಾವಳಿಯಲ್ಲೇ ಓಡಾಡುವ ಹಡಗು ಅಪರೂಪಕ್ಕೆ ಒಂದೇ ಒಂದು ವಿದೇಶ ಯಾನ ಮಾಡಬೇಕಾದಾಗ, ಇಲ್ಲವೇ ಹಡಗಿನಲ್ಲಿ ಹೊಸ ಬಗೆಯ ವಿನ್ಯಾಸವಿದ್ದಾಗ. ಉಳಿದ ವಿನಾಯಿತಿಗಳು ಆಯಾ ಅಧ್ಯಾಯದೊಳಗೇ ಇವೆ. 5ನೇ ನಿಯಮ ಸಮಾನ ಬದಲಿಯದು. ಹೇಳಿದ ಸಾಧನ ಬಿಟ್ಟು ಬೇರೊಂದನ್ನು ಹಾಕಬಹುದು, ಆದರೆ ಅದು ಕನಿಷ್ಠ ಅಷ್ಟೇ ಕೆಲಸ ಮಾಡುತ್ತದೆಂದು ಪರೀಕ್ಷೆಯಿಂದಲೋ ಬೇರೆ ರೀತಿಯಲ್ಲೋ ಧ್ವಜ ರಾಷ್ಟ್ರಕ್ಕೆ ಖಾತ್ರಿಯಾಗಬೇಕು, ವಿವರ ಅಂತರರಾಷ್ಟ್ರೀಯ ಕಡಲ ಸಂಸ್ಥೆಯಾದ ಐಎಂಒಗೆ ಹೋಗಬೇಕು. ಅಂದರೆ ವಿನಾಯಿತಿಯಲ್ಲಿ ಸಾಧನವೇ ಇರುವುದಿಲ್ಲ, ಬದಲಿಗೆ ಷರತ್ತು ಇರುತ್ತದೆ. ಸಮಾನ ಬದಲಿಯಲ್ಲಿ ಸಾಧನ ಬೇರೆ, ರಕ್ಷಣೆ ಅಷ್ಟೇ.

ಎರಡನ್ನೂ ಒಂದೇ ಹೋಲ್ಡಿನಲ್ಲಿ (ಹಡಗಿನಲ್ಲಿ ಸರಕು ತುಂಬುವ ಕೋಣೆ) ನೋಡಬಹುದು. 2000 ಗ್ರಾಸ್ ಟನ್ ಹಾಗೂ ಮೇಲ್ಪಟ್ಟ ಸರಕು ಹಡಗಿನ ಹೋಲ್ಡಿಗೆ ಕಾರ್ಬನ್ ಡೈಆಕ್ಸೈಡ್ ಅಥವಾ ಜಡ ಅನಿಲ ಬಿಡುವ ಸ್ಥಿರ ಅಗ್ನಿಶಾಮಕ ವ್ಯವಸ್ಥೆ ಬೇಕು. ಅದಿರು, ಕಲ್ಲಿದ್ದಲು, ಧಾನ್ಯ, ಹಸಿ ಮರ, ಉರಿಯದ ಅಥವಾ ಬೆಂಕಿಯ ಭಯ ಕಡಿಮೆಯಿರುವ ಸರಕು, ಇಷ್ಟನ್ನೇ ಸಾಗಿಸಲು ಕಟ್ಟಿದ ಹಡಗಿಗೆ ಇದರಿಂದ ವಿನಾಯಿತಿ ಸಿಗಬಹುದು. ನಮ್ಮ ಕಬ್ಬಿನ ಗದ್ದೆಗೆ ಬೀಳುವ ಪೊಟ್ಯಾಷ್ ಹೊರದೇಶದಿಂದ ಬರುವುದೂ ಸರಕನ್ನು ಚೀಲವಿಲ್ಲದೆ ಸಡಿಲವಾಗಿ ತುಂಬುವ ಬಲ್ಕ್ ಕ್ಯಾರಿಯರ್‌ಗಳಲ್ಲೇ. ಪೊಟ್ಯಾಷ್ ಉರಿಯುವ ಸರಕಲ್ಲ. ಈ ವಿನಾಯಿತಿಗೆ ಷರತ್ತು ಇಷ್ಟೇ: ಹೋಲ್ಡಿನ ಮೇಲ್ಬಾಯಿಗೆ ಉಕ್ಕಿನ ಮುಚ್ಚಳ (ಹ್ಯಾಚ್ ಕವರ್) ಇರಬೇಕು, ವೆಂಟಿಲೇಟರ್ ಮತ್ತು ಹೋಲ್ಡಿನ ಎಲ್ಲ ಬಾಯಿಗಳನ್ನು ಭದ್ರವಾಗಿ ಮುಚ್ಚಲು ಬರಬೇಕು. ಅನಿಲವೇ ಇಲ್ಲದ ಮೇಲೆ ಬೆಂಕಿಗೆ ಗಾಳಿ ತಪ್ಪಿಸಲು ಉಳಿದಿರುವುದು ಆ ಮುಚ್ಚಳಗಳೊಂದೇ.

ಆದ್ದರಿಂದ ಪಣಂಬೂರಿನ ಬಂದರಿನಲ್ಲಿ ತಪಾಸಣಾಧಿಕಾರಿ ವಿನಾಯಿತಿ ಪತ್ರ ಓದಿ ನೇರ ಡೆಕ್ಕಿಗೆ ನಡೆಯುತ್ತಾರೆ. ವೆಂಟಿಲೇಟರ್‌ನ ಚಕ್ರ ತಿರುಗಿಸಿ ನೋಡಿ ಎನ್ನುತ್ತಾರೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಗಾಳಿ ಮುಚ್ಚುವ ಫ್ಲಾಪ್ ಅರ್ಧಕ್ಕೇ ಕಚ್ಚಿಕೊಂಡಿದ್ದರೆ, ಹ್ಯಾಚಿನ ರಬ್ಬರ್ ಪ್ಯಾಕಿಂಗ್ ಕಿತ್ತುಹೋಗಿದ್ದರೆ, ಬೇರೆ ಹಡಗಿನಲ್ಲಿ ಅದು ಬರೀ ರಿಪೇರಿ ಪಟ್ಟಿಗೆ ಸೇರುವ ಸಂಗತಿಯಾದೀತು. ಇಲ್ಲಿ ವಿನಾಯಿತಿಯ ಆಧಾರವೇ ಕುಸಿದಂತೆ. ಪತ್ರಕ್ಕೆ ಲಗತ್ತಿಸಿದ ಪಟ್ಟಿಯಲ್ಲಿಲ್ಲದ ಸರಕು ತುಂಬಿದರೂ ಹಾಗೆಯೇ.

ಇನ್ನು ಅದೇ ಹೋಲ್ಡಿಗೆ ಅಮೋನಿಯಂ ನೈಟ್ರೇಟ್ ತುಂಬಿದಿರೆನ್ನಿ. ಉರಿಗೆ ಬೇಕಾದ ಆಮ್ಲಜನಕವನ್ನು ಅದು ತಾನೇ ಒದಗಿಸುತ್ತದೆ. ಅನಿಲ ಬಿಟ್ಟರೂ ಬೆಂಕಿ ಆರದು; ಬಾಯಿ ಮುಚ್ಚಿಟ್ಟರೆ ಅಪಾಯ ಹೆಚ್ಚು. ಇಲ್ಲಿ ಧಾರಾಳವಾಗಿ ನೀರು ಹೊಡೆಯುವ ಏರ್ಪಾಡೇ ಅನಿಲಕ್ಕೆ ಸಮಾನ ಬದಲಿ. ಹಾಗಾಗಿ ಅಧಿಕಾರಿ ಫೈರ್ ಪಂಪ್ ಚಾಲೂ ಮಾಡಿಸಿ, ಹೋಸಿನ ಒತ್ತಡ ನೋಡಿದರೆ ಅಚ್ಚರಿಪಡಬೇಡಿ.

ಕಾಗದದಲ್ಲೂ ಎಡವಟ್ಟುಗಳಾಗುತ್ತವೆ. ವಿನಾಯಿತಿ ಪತ್ರದ ಆಯಸ್ಸು ಅದು ಯಾವ ಸುರಕ್ಷಾ ಪತ್ರಕ್ಕೆ ಅಂಟಿದೆಯೋ ಅದರ ಆಯಸ್ಸನ್ನು ಮೀರುವಂತಿಲ್ಲ. ಐದು ವರ್ಷಕ್ಕೊಮ್ಮೆ ಮೂಲ ಪತ್ರ ಹೊಸದಾಗುತ್ತದೆ, ವಿನಾಯಿತಿ ಪತ್ರ ಹಳೆಯದೇ ಫೈಲಿನಲ್ಲಿ ಉಳಿದಿರುತ್ತದೆ. ಸುರಕ್ಷಾ ಪತ್ರದಲ್ಲಿ 'ವಿನಾಯಿತಿ ಪತ್ರ ಕೊಡಲಾಗಿದೆ / ಕೊಟ್ಟಿಲ್ಲ' ಎಂಬ ಸಾಲಿದೆ. ಉಳಿಯಬೇಕಾದ ಪದವನ್ನೇ ಹೊಡೆದುಹಾಕಿದ್ದರೆ ಎರಡು ಪತ್ರಗಳು ಒಂದನ್ನೊಂದು ಸುಳ್ಳು ಮಾಡುತ್ತವೆ. ಹಡಗು ಹತ್ತಿದ ವಾರವೇ ಚೀಫ್ ಆಫೀಸರ್ ನೋಡಬೇಕಾದ ಸಾಲು ಇದು.

ಮಾಲಿನ್ಯದ ಒಪ್ಪಂದವಾದ ಮಾರ್ಪೋಲ್‌ನಲ್ಲೂ ಸಮಾನ ಬದಲಿ ಉಂಟು. 2020ರಿಂದ ಇಂಧನದ ಗಂಧಕ 0.50 ಶೇಕಡಾ ಮೀರಬಾರದು. ಹೊಗೆಯಿಂದ ಗಂಧಕ ತೊಳೆಯುವ ಸ್ಕ್ರಬ್ಬರ್ ಇದ್ದ ಹಡಗು ಅದಕ್ಕಿಂತ ಹೆಚ್ಚು ಗಂಧಕದ ಎಣ್ಣೆ ಸುಡಬಹುದು. ಹಾಗೆಂದು ಸ್ಕ್ರಬ್ಬರ್ ತೊಳೆದ ನೀರನ್ನು ಎಲ್ಲ ಬಂದರಿನಲ್ಲೂ ಬಿಡುವಂತಿಲ್ಲ.

ಧ್ವಜ ರಾಷ್ಟ್ರ ಸರಿಯಾಗಿ ಕೊಟ್ಟ ವಿನಾಯಿತಿಯನ್ನು ತನಗೆ ಒಪ್ಪಿಗೆಯಿಲ್ಲವೆಂದು ತಪಾಸಣಾಧಿಕಾರಿ ತಳ್ಳಿಹಾಕುವುದಿಲ್ಲ. ಆದರೆ ದೋಷ ಕಣ್ಣಿಗೆ ಬಿದ್ದ ಮೇಲೆ ಧ್ವಜ ರಾಷ್ಟ್ರದಿಂದ ತರಿಸಿದ ವಿನಾಯಿತಿಯ ಇಮೇಲ್ ಬೇರೆ ಮಾತು. ಲೈಫ್‌ಬೋಟ್ ಎಂಜಿನ್ ದಾರಿಯಲ್ಲಿ ಕೆಟ್ಟಿದ್ದರೆ ಬಂದರು ಸೇರುವ ಮೊದಲೇ ಧ್ವಜ ರಾಷ್ಟ್ರಕ್ಕೂ ಬಂದರಿನ ತಪಾಸಣಾ ಕಚೇರಿಗೂ ತಿಳಿಸಿ, ರಿಪೇರಿಯ ಏರ್ಪಾಡು ತೋರಿಸಿದ ಹಡಗನ್ನು ಆಕಸ್ಮಿಕ ಹಾನಿಯೆಂದು ನೋಡಿ ತಡೆಯದೆ ಬಿಡಲು ಅವಕಾಶವಿದೆ. ಅಧಿಕಾರಿ ಹತ್ತಿದ ಮೇಲೆ ತಿಳಿಸಿದರೆ ಅದು ದೋಷದ ಪಟ್ಟಿಗೆ ಹೋಗುತ್ತದೆ. ಇಮೇಲ್ ಆ ಪಟ್ಟಿಯ ಜೊತೆಗೆ ಲಗತ್ತಾಗುತ್ತದೆ, ಅಷ್ಟೇ.