ಪಂಕಜ್ ಅಡ್ವಾಣಿ ಹೆಸರು ಸ್ನೂಕರ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ಯಾಕಿಲ್ಲ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಡಿಗ್ರಿ ಓದ್ತಿದ್ದೀನಿ. ಸ್ನೂಕರ್ ಹುಚ್ಚು ಸ್ವಲ್ಪ ಜಾಸ್ತಿ. ಪಂಕಜ್ ಅಡ್ವಾಣಿ ಅಷ್ಟೊಂದು ಸಲ ವಿಶ್ವ ಚಾಂಪಿಯನ್ ಆಗಿದ್ದಾರೆ, ಆದ್ರೆ ವರ್ಲ್ಡ್ ರ‍್ಯಾಂಕಿಂಗ್ ತೆಗೆದು ನೋಡಿದ್ರೆ ಅವರ ಹೆಸರೇ ಸಿಗಲ್ಲ. ಈ ಲೆಕ್ಕ ಹಾಕೋದು ಹೇಗೆ? ನಮ್ಮಂಥವರು ಆ ಪಟ್ಟಿಗೆ ಹೋಗೋಕೆ ಆಗುತ್ತಾ?

ಉತ್ತರ: ಹಾಸನದ ಯಾವ ಪಾರ್ಲರ್‌ಗೆ ಹೋದರೂ ಈ ಜಗಳ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಒಬ್ಬ ಕ್ಯೂಗೆ ಚಾಕ್ ಉಜ್ಜುತ್ತಾ "ಅಡ್ವಾಣಿ ನಂಬರ್ ಒನ್" ಅಂತಾನೆ, ಇನ್ನೊಬ್ಬ ಮೊಬೈಲ್ ತೆಗೆದು ಇಂಗ್ಲೆಂಡಿನ ಆಟಗಾರ ಜಡ್ ಟ್ರಂಪ್ ಹೆಸರು ತೋರಿಸ್ತಾನೆ. ಆಮೇಲೆ ಸೋತವನು ಟೇಬಲ್ ದುಡ್ಡು ಕೊಟ್ಟು ಮನೆಗೆ ಹೋಗ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಇಬ್ಬರದೂ ತಪ್ಪಲ್ಲ, ಇಬ್ಬರೂ ಬೇರೆ ಬೇರೆ ಆಟದ ಮನೆಯ ಬಗ್ಗೆ ಮಾತಾಡ್ತಿದ್ದಾರೆ ಅಷ್ಟೇ.

ಅಡ್ವಾಣಿ 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದು ಅವರ 28ನೇ ವಿಶ್ವ ಪ್ರಶಸ್ತಿ. ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿಸಿ ಈ ಲೆಕ್ಕ. ಅದರಲ್ಲಿ ಹೆಚ್ಚಿನವು ಐಬಿಎಸ್‌ಎಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ನಡೆಸುವ ಪಂದ್ಯಗಳು. ಅಲ್ಲಿಗೆ ಆಯಾ ದೇಶದವರು ತಮ್ಮ ಆಟಗಾರರನ್ನು ಆರಿಸಿ ಕಳಿಸುತ್ತಾರೆ. ನೀವು ನೋಡಿದ ರ‍್ಯಾಂಕಿಂಗ್ ಪಟ್ಟಿ ಇದೆಯಲ್ಲ, ಅದು ವರ್ಲ್ಡ್ ಸ್ನೂಕರ್ ಟೂರ್‌ನದು, ಅಂದರೆ ವೃತ್ತಿಪರರ ಪಟ್ಟಿ. ಟೂರ್ ಕಾರ್ಡ್, ಅಂದರೆ ಆ ಟೂರ್‌ನಲ್ಲಿ ಆಡುವ ಪರವಾನಗಿ ಇದ್ದವರಿಗೆ ಮಾತ್ರ ಅಲ್ಲಿ ಜಾಗ. ಅಡ್ವಾಣಿ ಬಳಿ ಈಗ ಕಾರ್ಡ್ ಇಲ್ಲ, ಹಾಗಾಗಿ ಹೆಸರೂ ಇಲ್ಲ.

ಒಂದು ಕಾಲದಲ್ಲಿ ಇತ್ತು. 2012ರಲ್ಲಿ ಟೂರ್ ಸೇರಿದರು, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದರು, ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಭಾರತದವರು ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. 2014ರಲ್ಲಿ ಕಾರ್ಡ್ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದರು. ಟೂರ್‌ನಲ್ಲಿ ಉಳಿಯಬೇಕಾದರೆ ವರ್ಷದ ಬಹುಪಾಲು ಇಂಗ್ಲೆಂಡಿನಲ್ಲೇ ಇರಬೇಕು, ಬಿಲಿಯರ್ಡ್ಸ್ ಪಕ್ಕಕ್ಕಿಡಬೇಕು, ವಾರಗಟ್ಟಲೆ ಅರ್ಹತಾ ಪಂದ್ಯ ಆಡ್ತಾ ಕೂರಬೇಕು. ಎರಡೂ ಆಟದಲ್ಲಿ ಆ ಮಟ್ಟದಲ್ಲಿರುವ ಮನುಷ್ಯ ಅದನ್ನು ಬೇಡ ಅಂದದ್ದು ನನಗಂತೂ ಸರಿಯಾಗೇ ಕಾಣುತ್ತದೆ.

ಈಗ ಲೆಕ್ಕಕ್ಕೆ ಬರೋಣ. 2014ರಿಂದ ಈ ಪಟ್ಟಿ ಪೂರ್ತಿ ಬಹುಮಾನದ ದುಡ್ಡಿನ ಮೇಲೆ ನಿಂತಿದೆ. ಒಂದು ಪೌಂಡ್ ಅಂದರೆ ಒಂದು ಪಾಯಿಂಟ್. ಕಳೆದ ಎರಡು ವರ್ಷದಲ್ಲಿ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಯಾರು ಎಷ್ಟು ಗಳಿಸಿದರೋ ಅದೇ ಅವರ ಸ್ಥಾನ. ಎದುರಾಳಿ ಯಾರು, ಎಷ್ಟು ಸೆಂಚುರಿ (ಒಂದೇ ಸರದಿಯಲ್ಲಿ ನೂರು ಅಥವಾ ಹೆಚ್ಚು ಅಂಕ) ಹೊಡೆದಿರಿ, ಆಟ ಎಷ್ಟು ಚೆಂದ, ಯಾವುದೂ ಲೆಕ್ಕಕ್ಕಿಲ್ಲ. ಡೈರಿ ಪುಸ್ತಕದಲ್ಲಿ ಹಸು ನೋಡೋಕೆ ಹೇಗಿದೆ ಅಂತ ಯಾರೂ ಬರೆಯಲ್ಲ, ಎಷ್ಟು ಲೀಟರ್ ಹಾಕಿದಿರಿ ಅಂತ ಮಾತ್ರ ಬರೀತಾರೆ, ಇದೂ ಹಾಗೇ.

ಎರಡು ವರ್ಷದ ಮಾತೇ ಇಲ್ಲಿ ಮುಖ್ಯ, ಜನ ಎಡವುವುದೂ ಇಲ್ಲೇ. ಒಂದು ಟೂರ್ನಿ ಮುಗಿದಾಗ ಹೊಸ ದುಡ್ಡು ಸೇರುತ್ತದೆ, ಎರಡು ವರ್ಷದ ಹಿಂದೆ ಅದೇ ಟೂರ್ನಿಯಲ್ಲಿ ಗಳಿಸಿದ್ದು ಕಳಚಿಕೊಳ್ಳುತ್ತದೆ. ಬೆಲ್ಜಿಯಂನ ಲೂಕಾ ಬ್ರೆಸೆಲ್ ಅವರನ್ನೇ ನೋಡಿ. 2023ರಲ್ಲಿ ಮಾರ್ಕ್ ಸೆಲ್ಬಿಯನ್ನು 18-15ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು, 5 ಲಕ್ಷ ಪೌಂಡ್ ಬಂತು, ಒಂದೇ ಏಟಿಗೆ ಎರಡನೇ ಸ್ಥಾನ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ವಾರ್ಟರ್ ಫೈನಲ್ ಆಡಿದರು. ಕೆಟ್ಟ ಆಟವೇನಲ್ಲ. ಆದರೂ ಆ ಹಳೇ 5 ಲಕ್ಷ ಬಿದ್ದುಹೋದ ಕೂಡಲೇ ಅವರು ಮೊದಲ 16ರಿಂದ ಹೊರಗೆ ಬಿದ್ದರು. ಒಂದೇ ದಿನದಲ್ಲಿ ಅವರ ಕೈ ಕೆಟ್ಟುಹೋಯಿತಾ? ಇಲ್ಲ. ಕ್ಯಾಲೆಂಡರ್ ತಿರುಗಿತು ಅಷ್ಟೇ.

ಇದಕ್ಕೆ ಉಲ್ಟಾ ಕಥೆ ಚೀನಾದ ಝಾವೋ ಶಿಂಟಾಂಗ್ ಅವರದು. ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ 20 ತಿಂಗಳು ನಿಷೇಧ ಆಗಿತ್ತು. ಅದು ಮುಗಿದ ಮೇಲೆ ಹವ್ಯಾಸಿಯಾಗಿ ವಾಪಸ್ ಬಂದು, ನಾಲ್ಕು ಅರ್ಹತಾ ಸುತ್ತು ದಾಟಿ, 2025ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಮಾರ್ಕ್ ವಿಲಿಯಮ್ಸ್ ಅವರನ್ನು 18-12ರಿಂದ ಸೋಲಿಸಿದರು. ಏಷ್ಯಾದವರು ಗೆದ್ದದ್ದು ಅದೇ ಮೊದಲು. ಹೊಸ ಸೀಸನ್‌ಗೆ ಅವರು ಕಾಲಿಟ್ಟದ್ದೇ 11ನೇ ಸ್ಥಾನದಿಂದ. ಟೂರ್‌ನಲ್ಲಿ ವರ್ಷಗಟ್ಟಲೆ ಒದ್ದಾಡಿ 30ನೇ ಸ್ಥಾನದಲ್ಲಿರುವವರಿಗೆ ಹೊಟ್ಟೆ ಉರಿಯಲ್ವಾ? ಉರಿಯುತ್ತದೆ. ಒಂದು ಟೂರ್ನಿಗೆ ಇಷ್ಟು ತೂಕ ಕೊಡುವುದು ನನಗೂ ಅತಿ ಅನ್ನಿಸುತ್ತದೆ.

ಇನ್ನೊಂದು ಗೊಂದಲ: ದೊಡ್ಡ ಟೂರ್ನಿ ಎಲ್ಲವೂ ರ‍್ಯಾಂಕಿಂಗ್ ಟೂರ್ನಿ ಅಲ್ಲ. ಜನವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ನಡೆಯುವ ಮಾಸ್ಟರ್ಸ್‌ಗೆ ಮೊದಲ 16 ಜನರಿಗೆ ಮಾತ್ರ ಕರೆ. 2025ರಲ್ಲಿ ಶಾನ್ ಮರ್ಫಿ ಅದನ್ನು ಗೆದ್ದರು, ಸೆಮಿಫೈನಲ್‌ನಲ್ಲಿ ಒಂದೇ ಸರದಿಯ ಗರಿಷ್ಠ ಅಂಕವಾದ 147 ಕೂಡ ಹೊಡೆದರು, 3.5 ಲಕ್ಷ ಪೌಂಡ್ ಮನೆಗೆ ಒಯ್ದರು. ರ‍್ಯಾಂಕಿಂಗ್‌ಗೆ ಸೇರಿದ್ದು ಸೊನ್ನೆ. ರ‍್ಯಾಂಕಿಂಗ್ ಟೂರ್ನಿಗಳಲ್ಲೂ ಅತಿ ದೊಡ್ಡ ಬ್ರೇಕ್‌ಗೆ (ಒಂದೇ ಸರದಿಯ ಗಳಿಕೆಗೆ) ಕೊಡುವ ದುಡ್ಡು ಪಟ್ಟಿಗೆ ಬರುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೀಡ್ ಆದವರು (ಅರ್ಹತಾ ಸುತ್ತಿಲ್ಲದೆ ನೇರ ಬಂದವರು) ಮೊದಲ ಪಂದ್ಯದಲ್ಲೇ ಸೋತರೆ ಚೆಕ್ ಸಿಗುತ್ತದೆ, ಪಾಯಿಂಟ್ ಸಿಗಲ್ಲ. ಈ ನಿಯಮ ನನಗೆ ಇಷ್ಟ. ಸುಮ್ನೆ ಬಂದು ನಿಂತಿದ್ದಕ್ಕೆ ಪಾಯಿಂಟ್ ಯಾಕೆ?

ಸೀಸನ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ, ಚೀನಾ, ಬ್ರಿಟನ್ ಅಂತ ಸುತ್ತಾಡಿ, ನವೆಂಬರ್-ಡಿಸೆಂಬರ್‌ನಲ್ಲಿ ಯಾರ್ಕ್‌ನ ಯುಕೆ ಚಾಂಪಿಯನ್‌ಷಿಪ್, ಏಪ್ರಿಲ್-ಮೇನಲ್ಲಿ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ನಡುವೆ ವರ್ಲ್ಡ್ ಗ್ರ್ಯಾಂಡ್ ಪ್ರಿ, ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಂಥ ಕೆಲವಕ್ಕೆ ಆ ಒಂದು ಸೀಸನ್‌ನ ಗಳಿಕೆ ಮಾತ್ರ ನೋಡುತ್ತಾರೆ. ಹಾಗಾಗಿ ಒಬ್ಬರೇ ಆಟಗಾರ ಒಂದು ಪಟ್ಟಿಯಲ್ಲಿ 5ನೆಯವರು, ಇನ್ನೊಂದರಲ್ಲಿ 20ನೆಯವರು ಅಂತ ಕಂಡರೆ ಗಾಬರಿ ಬೇಡ. ಕ್ರೂಸಿಬಲ್‌ನ ಸಂಜೆ ಆಟ ನಮಗೆ ರಾತ್ರಿ ಹನ್ನೊಂದೂವರೆಗೆ ಶುರು, ಮಾರನೇ ದಿನ ಪರೀಕ್ಷೆ ಇದ್ದರೆ ನೀವೇ ಯೋಚನೆ ಮಾಡಿ.

ನಂಬರ್ ಒನ್ ಯಾರು ಅನ್ನುವುದಕ್ಕಿಂತ ನಾನು ನೋಡುವುದು ಎರಡು ಗೆರೆ. ಒಂದು 16ನೆಯದು: ಅದರ ಮೇಲಿದ್ದವರು ಕ್ರೂಸಿಬಲ್‌ಗೆ ನೇರ ಹೋಗುತ್ತಾರೆ, ಕೆಳಗಿದ್ದವರು ಅರ್ಹತಾ ಸುತ್ತು ಆಡಿ ಉಳಿದ 16 ಜಾಗಕ್ಕೆ ಬಡಿದಾಡಬೇಕು. ಇನ್ನೊಂದು 64ನೆಯದು. ಕಾರ್ಡ್ ಕೊಡುವುದು ಎರಡು ವರ್ಷಕ್ಕೆ. ಅವಧಿ ಮುಗಿದಾಗ ವಿಶ್ವ ಚಾಂಪಿಯನ್‌ಷಿಪ್ ಆದಮೇಲಿನ ಪಟ್ಟಿಯಲ್ಲಿ ನೀವು 64ರ ಒಳಗಿಲ್ಲದಿದ್ದರೆ, ಕೆಲವೇ ಕೆಲವರನ್ನು ಬಿಟ್ಟು, ಮನೆಗೆ. ಮತ್ತೆ ಅರ್ಹತೆ ಪಡೆದು ಬಂದರೂ ಸೊನ್ನೆಯಿಂದ ಶುರು. ಏಪ್ರಿಲ್‌ನ ಅರ್ಹತಾ ಪಂದ್ಯಗಳಲ್ಲಿ ಯಾರೋ ಹೆಸರೇ ಕೇಳದ ಆಟಗಾರ ಸುಲಭದ ಕೆಂಪು ಬಾಲ್ ಮುಂದೆ ನಿಂತು ಮೂರು ಸಲ ಬಗ್ಗಿ ಎದ್ದು ನೋಡುತ್ತಾನಲ್ಲ, ಅವನು ಟ್ರೋಫಿಗಾಗಿ ಆಡ್ತಿಲ್ಲ, ಮುಂದಿನ ಎರಡು ವರ್ಷದ ಕೆಲಸಕ್ಕಾಗಿ ಆಡ್ತಿದ್ದಾನೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ದಾರಿ ಎರಡಿವೆ. ಮೊದಲನೆಯದು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಪಂದ್ಯಗಳು, ಅಲ್ಲಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಲ್ಲಿಂದ ಐಬಿಎಸ್‌ಎಫ್. ಅದರ ವಿಶ್ವ ಸ್ನೂಕರ್ ಚಾಂಪಿಯನ್‌ಗೆ ಟೂರ್ ಕಾರ್ಡ್ ಸಿಗುವುದುಂಟು. ಎರಡನೆಯದು ಕ್ಯೂ ಸ್ಕೂಲ್, ಅಂದರೆ ಟೂರ್ ಕಾರ್ಡ್‌ಗಾಗಿಯೇ ನಡೆಯುವ ಅರ್ಹತಾ ಟೂರ್ನಿ. ಫೀಸ್ ಕಟ್ಟಿದವರು ಆಡಬಹುದು, ಏಷ್ಯಾದವರಿಗಾಗಿ ಬ್ಯಾಂಕಾಕ್‌ನಲ್ಲೂ ನಡೆಸಿದ್ದಾರೆ. ಆದಿತ್ಯ ಮೆಹ್ತಾ 2013ರ ಇಂಡಿಯನ್ ಓಪನ್‌ನಲ್ಲಿ ಫೈನಲ್‌ಗೆ ಹೋಗಿ ಡಿಂಗ್ ಜುನ್‌ಹುಯಿಗೆ ಸೋತರು, ಈಚೆಗೆ ಇಶ್‌ಪ್ರೀತ್ ಸಿಂಗ್ ಚಡ್ಡಾ ಟೂರ್‌ನಲ್ಲಿ ಆಡಿದ್ದಾರೆ. ಅಂದರೆ ನಮ್ಮವರಿಗೆ ಬಾಗಿಲು ಮುಚ್ಚಿಲ್ಲ.

ಎರಡಕ್ಕೂ ಮೊದಲು ಒಂದು ಕೆಲಸ ಮಾಡಿ. ನೀವು ದಿನಾ ಆಡುವ ಟೇಬಲ್ 12 ಅಡಿಯದ್ದಾ, ಇಲ್ಲ ಪೂಲ್ ಟೇಬಲ್ಲಾ ನೋಡಿಕೊಳ್ಳಿ. ಪೂಲ್ ಟೇಬಲ್‌ನ ಅಗಲ ಪಾಕೆಟ್‌ಗೆ ಕೈ ಒಗ್ಗಿಸಿಕೊಂಡು ಬೆಂಗಳೂರಿಗೆ ಹೋದರೆ, ದೂರದಿಂದ ಪಾಕೆಟ್‌ಗೆ ಹೊಡೆಯುವ ಬಾಲ್ ಒಂದೂ ಒಳಗೆ ಹೋಗಲ್ಲ.